ಕನ್ನಡಿ ಸರಿಯಿದೆಯೇ? ಒಂದು ಬ್ಲೇಡಿನ ಹಿಂದಿನ ಕತೆ

ಚಿತ್ರದುರ್ಗದ ಹತ್ತಿರದ ಒಂದು ಶಾಲೆಯವರು ಕಳೆದ ಚಳಿಗಾಲದಲ್ಲಿ ತಮ್ಮ ಹೊಸ ದೂರದರ್ಶಕವನ್ನು ಒಮ್ಮೆ ನೋಡಿಕೊಡಿ ಎಂದು ಕರೆದಿದ್ದರು. 114 ಮಿಲಿಮೀಟರ್ ಅಗಲದ ಕನ್ನಡಿ, 500 ಮಿಲಿಮೀಟರ್ ಸಂಗಮದೂರ (ಕನ್ನಡಿಯಿಂದ ಬೆಳಕು ಕೂಡುವ ಬಿಂದುವಿನವರೆಗಿನ ದೂರ), ಗಿಡ್ಡ ಕೊಳವೆ. ಗುರುಗ್ರಹದತ್ತ ತಿರುಗಿಸಿದರೆ ಹಿಂಜಿದ ಹತ್ತಿಯ ಉಂಡೆ ಕಂಡಂತೆ ಕಾಣುತ್ತಿತ್ತು. ಜೊತೆಗೆ ಬಂದಿದ್ದ ಕಾಗದದಲ್ಲಿ ಮಾತ್ರ ‘ನಿಖರತೆ: ತರಂಗದ 1/8’ ಎಂದಿತ್ತು. ‘ಗಾಳಿ ಸರಿ ಇಲ್ವೇನೋ ಸರ್’ ಎಂದರು ವಿಜ್ಞಾನದ ಮೇಷ್ಟ್ರು.

ಗಾಳಿಯ ಮೇಲೆ ಹೊರಿಸುವುದು ಸುಲಭ. ನಮ್ಮ ದುರ್ಗದಲ್ಲಿ ಅದಕ್ಕೆ ಕಾರಣವೂ ಇದೆ. ಹಗಲೆಲ್ಲ ಕಾದ ಬಂಡೆ ರಾತ್ರಿ ಬಹಳ ಹೊತ್ತಿನವರೆಗೆ ಬಿಸಿ ಉಗುಳುತ್ತಿರುತ್ತದೆ, ಕೋಟೆಯ ಮೇಲಿನಿಂದ ನೋಡಿದರೆ ನಕ್ಷತ್ರಗಳು ನೀರಿನಡಿಯಲ್ಲಿ ಇದ್ದಂತೆ ನಡುಗುತ್ತವೆ. ಆದರೆ ಗಾಳಿಯ ತಪ್ಪು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಕನ್ನಡಿಯ ತಪ್ಪು ಬದಲಾಗುವುದಿಲ್ಲ. ಅವತ್ತಿನ ಮಬ್ಬು ಎರಡು ಗಂಟೆ ಕಾದರೂ ಬದಲಾಗಲಿಲ್ಲ.

ಈ ಗೊಂದಲದ ಬೇರು ಹಳೆಯದು. ನ್ಯೂಟನ್ 1668ರಲ್ಲಿ ಲೋಹದ ಕನ್ನಡಿಯ ದೂರದರ್ಶಕ ಮಾಡಿದಾಗ ಅದರ ಮೈ ಚೆಂಡಿನ ಒಂದು ತುಣುಕಿನಂತೆ, ಅಂದರೆ ಗೋಳದಂತೆ, ಇತ್ತು. ಗೋಳೀಯ ಕನ್ನಡಿಯ ಅಂಚಿಗೆ ಬಿದ್ದ ಬೆಳಕು ನಡುವಿಗೆ ಬಿದ್ದ ಬೆಳಕಿಗಿಂತ ಹತ್ತಿರದಲ್ಲೇ ಕೂಡುತ್ತದೆ. ದೂರದ ನಕ್ಷತ್ರದ ಬೆಳಕೆಲ್ಲ ಒಂದೇ ಬಿಂದುವಿಗೆ ಬರಬೇಕಾದರೆ ಕನ್ನಡಿ ಪರವಲಯದ (ಪ್ಯಾರಾಬೋಲಾ), ಅಂದರೆ ಅಂಚಿನ ಕಡೆ ಗೋಳಕ್ಕಿಂತ ತುಸು ಚಪ್ಪಟೆಯಾದ, ಆಕಾರದಲ್ಲಿರಬೇಕು. 1721ರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾಡ್ಲಿ ಅದನ್ನು ಸಾಧಿಸಿ ತೋರಿಸಿದ. ಮುಂದಿನ ನೂರಮೂವತ್ತು ವರ್ಷ ಕನ್ನಡಿ ಮಾಡುವವರು ಹೆಚ್ಚಾಗಿ ಕೈಯ ಅಂದಾಜು ಮತ್ತು ಅನುಭವವನ್ನೇ ನಂಬಿಕೊಂಡು ನಡೆದರು. 1858ರಲ್ಲಿ ಫ್ರಾನ್ಸಿನ ಫೂಕೋ ಒಂದು ದೀಪ ಮತ್ತು ಒಂದು ಚೂಪಾದ ಅಂಚು ಇಟ್ಟುಕೊಂಡು ಕನ್ನಡಿಯ ಆಕಾರವನ್ನು ಕಣ್ಣಿಗೆ ಕಾಣಿಸುವ ದಾರಿ ಕಂಡುಕೊಂಡ. 1920ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ರಸೆಲ್ ಪೋರ್ಟರ್ ಕಾರ್ಖಾನೆಯ ಕೆಲಸಗಾರರನ್ನು ಕೂರಿಸಿಕೊಂಡು ಕನ್ನಡಿ ಉಜ್ಜುವುದನ್ನು ಕಲಿಸಿದ ಮೇಲೆ ಈ ವಿದ್ಯೆ ಹವ್ಯಾಸಿಗಳ ಕೈಗೆ ಬಂತು.

ನನ್ನ ಕೈಗೆ ಬಂದದ್ದು ದಾವಣಗೆರೆಯಲ್ಲಿ, 1986ರ ಹ್ಯಾಲಿ ಧೂಮಕೇತುವಿನ ಸಡಗರ ಇಳಿದ ಮೇಲೆ. ಅದೇ ವರ್ಷ ತಮಿಳುನಾಡಿನ ಕಾವಲೂರಿನಲ್ಲಿ ಉದ್ಘಾಟನೆಯಾದ 2.34 ಮೀಟರ್ ದೂರದರ್ಶಕದ ಕನ್ನಡಿಯನ್ನು ಬೆಂಗಳೂರಿನಲ್ಲೇ ಉಜ್ಜಿ ಹೊಳಪು ಕೊಟ್ಟಿದ್ದರು. ಅದು ನಮಗೆ ದೊಡ್ಡ ಧೈರ್ಯ. ಆರು ಇಂಚಿನ ಎರಡು ಗಾಜಿನ ಬಿಲ್ಲೆಗಳು, ನಡುವೆ ಗಾಜು ಸವೆಸುವ ಕಾರ್ಬೊರಂಡಂ ಪುಡಿ, ನೀರು. ಖಾಲಿ ಡ್ರಮ್ಮಿನ ಮೇಲೆ ಕೆಳಗಿನ ಗಾಜನ್ನು ಕೂರಿಸಿ ಸುತ್ತ ನಡೆಯುತ್ತ ಮೇಲಿನದನ್ನು ಹಿಂದೆ ಮುಂದೆ ಉಜ್ಜುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ವಾರಗಟ್ಟಲೆ ಉಜ್ಜಿದ ಮೇಲೂ ನಡುವಿನ ತಗ್ಗು 1.2 ಮಿಲಿಮೀಟರ್ ಮಾತ್ರ. ಆಮೇಲೆ ಪಿಚ್ ಎಂಬ ಡಾಂಬರಿನಂಥ ಅಂಟಿನ ಹಾಸಿನ ಮೇಲೆ ಸೀರಿಯಂ ಆಕ್ಸೈಡ್ ಎಂಬ ನುಣ್ಣನೆ ಪುಡಿ ಹಚ್ಚಿ ಹೊಳಪು.

ಪರೀಕ್ಷೆ ಅಲ್ಲಿಂದ ಶುರು. ಕನ್ನಡಿಯನ್ನು ಪಡಸಾಲೆಯ ಒಂದು ತುದಿಯಲ್ಲಿ ನಿಲ್ಲಿಸಿ, ಸಂಗಮದೂರದ ಎರಡರಷ್ಟು, ಅಂದರೆ 2.4 ಮೀಟರ್ ದೂರದಲ್ಲಿ ಸೂಜಿತೂತಿನ ಹಿಂದೆ ಬಲ್ಬು ಇಡಬೇಕು. ಬೆಳಕು ಮರಳಿ ಬಂದು ಕೂಡುವಲ್ಲಿ ಶೇವಿಂಗ್ ಬ್ಲೇಡಿನ ಅಂಚನ್ನು ನಿಧಾನ ತೂರಿಸಿ, ಅದರ ಹಿಂದೆ ಕಣ್ಣಿಡಬೇಕು. ಕನ್ನಡಿ ಗೋಳವಾಗಿದ್ದರೆ ಇಡೀ ಮೈ ಒಮ್ಮೆಲೇ ಬೂದಿಬಣ್ಣಕ್ಕೆ ತಿರುಗುತ್ತದೆ. ಪರವಲಯವಾಗಿದ್ದರೆ ನೆರಳು ಬೆಳಕು ಸೇರಿ ಉದ್ದಿನವಡೆಯ ಉಬ್ಬು ಮೂಡುತ್ತದೆ. ಆರು ಇಂಚಿನ ಆ ಕನ್ನಡಿಯಲ್ಲಿ ಎರಡು ಆಕಾರಗಳ ನಡುವಿನ ಅಂತರ ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಅಷ್ಟನ್ನು ಒಂದು ಬ್ಲೇಡು ತೋರಿಸುತ್ತದೆ. ಮೊದಲ ಸಲ ನೋಡಿದಾಗ ನಮ್ಮ ಗುರುಗಳು ಕನ್ನಡಿಯ ಮೇಲೆ ಹೆಬ್ಬೆರಳು ಒತ್ತಿ ತೆಗೆಯಲು ಹೇಳಿದರು. ಮತ್ತೆ ಬ್ಲೇಡಿನ ಹಿಂದಿನಿಂದ ನೋಡಿದರೆ ಬೆರಳಿಟ್ಟ ಜಾಗದಲ್ಲಿ ಗುಡ್ಡದಂಥ ಒಂದು ಬೊಕ್ಕೆ! ಬೆರಳಿನ ಬಿಸಿಗೆ ಗಾಜು ಊದಿಕೊಂಡಿತ್ತು. ಕೆಲವು ನಿಮಿಷಗಳಲ್ಲಿ ಅದು ತಾನಾಗಿ ಇಳಿಯಿತು. ಕೈಹುಣ್ಣಿಗೆ ಕನ್ನಡಿ ಬೇಡ ನಿಜ, ಆದರೆ ಕನ್ನಡಿಯ ಹುಣ್ಣಿಗೆ ಬ್ಲೇಡು ಬೇಕೇ ಬೇಕು ಎಂದು ನಾನು ಅವತ್ತಿನಿಂದ ನಂಬಿದ್ದೇನೆ.

ಆಮೇಲೆ ಸಿದ್ಧ ದೂರದರ್ಶಕಗಳು ಕೈಗೆಟಕುವ ಬೆಲೆಗೆ ಬಂದವು. ಅದು ಒಳ್ಳೆಯದೇ. ಉಜ್ಜುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆದರೆ ಉಜ್ಜುವುದು ನಿಂತಾಗ ಪರೀಕ್ಷಿಸುವುದೂ ನಿಂತಿತು, ಬ್ಲೇಡಿನ ಜಾಗಕ್ಕೆ ಕಾಗದ ಬಂತು.

ಕಾಗದದ ಲೆಕ್ಕ ಹೀಗೆ. ಕಣ್ಣಿಗೆ ಬರುವ ಬೆಳಕಿನ ಅಲೆಯಲ್ಲಿ ಏರುತಗ್ಗು ಒಟ್ಟು ತರಂಗದೂರದ (ಒಂದು ಅಲೆಯ ಉದ್ದದ) ಕಾಲುಭಾಗ ಮೀರಬಾರದು ಎಂದು 1879ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ರ‍್ಯಾಲೆ ಹೇಳಿದ ಅಳತೆ ಇವತ್ತಿಗೂ ಚಾಲ್ತಿಯಲ್ಲಿದೆ. ಕನ್ನಡಿಗೆ ಬೆಳಕು ಬಡಿದು ಹಿಂತಿರುಗುವುದರಿಂದ ಅದರ ಮೈಯ ತಪ್ಪು ಅಲೆಯಲ್ಲಿ ಎರಡರಷ್ಟಾಗುತ್ತದೆ. ಹಾಗಾಗಿ 1/8 ಎಂದು ಬರೆದರೆ, ಅದು ಮೈಯದೋ ಅಲೆಯದೋ ಎಂದು ಮೊದಲು ಕೇಳಬೇಕು. ಯಾವ ಬಣ್ಣದ ಬೆಳಕಿನಲ್ಲಿ ಅಳೆದದ್ದು? ಪ್ರಯೋಗಾಲಯದ ಕೆಂಪು ಲೇಸರಿನ ತರಂಗದೂರ ಸುಮಾರು 633 ನ್ಯಾನೋಮೀಟರ್, ಕಣ್ಣಿಗೆ ಹೆಚ್ಚು ನಾಟುವ ಹಸಿರಿನದು 550ರ ಸುಮಾರು. ಕೆಂಪಿನಲ್ಲಿ ಮೈಯ ತಪ್ಪು 1/8 ಆಗಿದ್ದರೆ 79 ನ್ಯಾನೋಮೀಟರ್. ಅಲೆಯಲ್ಲಿ ಅದು 158. ಹಸಿರಿನ ಲೆಕ್ಕಕ್ಕೆ ತಂದರೆ 1/3.5. ರ‍್ಯಾಲೆಯ ಕಾಲುಭಾಗ ದಾಟಿಹೋಯಿತು! ಇನ್ನೊಂದು ತೊಡಕು: ಅತಿ ಎತ್ತರದಿಂದ ಅತಿ ತಗ್ಗಿನವರೆಗಿನ ತಪ್ಪು 1/4 ಇರುವ ಕನ್ನಡಿಗೇ ಸರಾಸರಿ ವರ್ಗಮೂಲದ, ಅಂದರೆ ಇಡೀ ಮೈಯ ತಪ್ಪಿನ ಒಂದು ಬಗೆಯ ಸರಾಸರಿಯ, ಲೆಕ್ಕದಲ್ಲಿ ಸುಮಾರು 1/14 ಎಂದು ಬರೆಯಬಹುದು. ಎರಡೂ ಸುಳ್ಳಲ್ಲ. ಕೊಳ್ಳುವವರಿಗೆ ಯಾವ ಲೆಕ್ಕವೆಂದು ಯಾರೂ ಬಿಡಿಸಿ ಹೇಳಿರುವುದಿಲ್ಲ, ಅಷ್ಟೆ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಮುಖ್ಯ: 1/8 ಎಂದರೆ ಯಾವ ಆಕಾರಕ್ಕೆ ಹೋಲಿಸಿ? 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿ ಅತ್ಯಂತ ನಯವಾಗಿತ್ತು, ಆದರೆ ತಪ್ಪು ಆಕಾರಕ್ಕೆ ನಯವಾಗಿತ್ತು. ಪರೀಕ್ಷಾ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ಆಚೀಚೆ ಕೂತಿತ್ತು. ಬೇರೆ ಸರಳ ಪರೀಕ್ಷೆಗಳು ಏನೋ ಸರಿಯಿಲ್ಲ ಎಂದು ತೋರಿಸಿದ್ದವು, ಆದರೆ ಅವನ್ನು ಕಡಿಮೆ ನಿಖರವೆಂದು ಬದಿಗಿಟ್ಟರು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಎರಡನೆಯ ಪರೀಕ್ಷೆಯನ್ನು, ಅದು ಎಷ್ಟೇ ಬಡವಾಗಿರಲಿ, ಕಿವಿಗೊಟ್ಟು ಕೇಳಬೇಕು.

ಹವ್ಯಾಸಿಗೆ ಆ ಎರಡನೆಯ ಪರೀಕ್ಷೆ ನಕ್ಷತ್ರವೇ. ಫೋಕಸ್ ಸ್ವಲ್ಪ ಒಳಗೆ, ಆಮೇಲೆ ಸ್ವಲ್ಪ ಹೊರಗೆ ಮಾಡಿ ನೋಡಿದರೆ ಚುಕ್ಕಿ ಬಳೆಗಳಾಗಿ ಹರಡುತ್ತದೆ. ಎರಡೂ ಕಡೆ ಒಂದೇ ರೀತಿ ಇದ್ದರೆ ಕನ್ನಡಿ ಸರಿ. ಹೊರದೇಶದ ಕೈಪಿಡಿಗಳು ಇದಕ್ಕೆ ಧ್ರುವನಕ್ಷತ್ರ ನೋಡಿ ಎನ್ನುತ್ತವೆ, ಅದು ಅಲುಗುವುದಿಲ್ಲವೆಂದು. ನಮ್ಮಲ್ಲಿ ಅದು ದಿಗಂತದಿಂದ 14 ಡಿಗ್ರಿ ಮಾತ್ರ ಮೇಲಿದೆ, ದಪ್ಪ ಗಾಳಿಯೊಳಗೆ ಕುದಿಯುತ್ತಿರುತ್ತದೆ. ನೆತ್ತಿಯ ಹತ್ತಿರದ ನಕ್ಷತ್ರ ಹಿಡಿಯುವುದೇ ಮೇಲು. ಬೆಳಗಿನ ಹೊತ್ತಾದರೆ, ಸಂಗಮದೂರದ ಇಪ್ಪತ್ತು ಪಟ್ಟಿಗಿಂತ ದೂರದಲ್ಲಿ ಸೈಕಲ್ ಬೇರಿಂಗಿನ ಒಂದು ಗುಂಡು ಬಿಸಿಲಿಗಿಟ್ಟರೆ ಅದರ ಮಿನುಗೂ ನಕ್ಷತ್ರದ ಕೆಲಸ ಮಾಡುತ್ತದೆ.

ಶಾಲೆಯ ದೂರದರ್ಶಕದಲ್ಲಿ ಫೋಕಸ್ ಒಳಗೆ ಸರಿಸಿದಾಗ ಬಳೆಗಳ ಹೊರಅಂಚು ಗೆರೆ ಎಳೆದಂತೆ ಚೂಪಾಗಿತ್ತು, ಹೊರಗೆ ಸರಿಸಿದಾಗ ಅವು ಅಂಚಿನಲ್ಲಿ ಕರಗಿಹೋಗಿದ್ದವು. ಮರುದಿನ ಕನ್ನಡಿ ಬಿಚ್ಚಿ ಒಂದು ಮೀಟರ್ ದೂರದಲ್ಲಿ ಬ್ಲೇಡು ಇಟ್ಟೆವು. ಮಕ್ಕಳು ಒಬ್ಬೊಬ್ಬರಾಗಿ ನೋಡಿದರು. ಇಡೀ ಮೈ ಒಮ್ಮೆಲೇ ಬೂದಿಯಾಯಿತು, ಎಲ್ಲೂ ಒಂದು ಕಲೆಯಿಲ್ಲ. ಬಹಳ ಚೆನ್ನಾಗಿ ಮಾಡಿದ ಗೋಳ. ಕಾಗದದ 1/8 ಗೋಳಕ್ಕೆ ಹೋಲಿಸಿದ್ದಾದರೆ ನಿಜವೇ ಇರಬಹುದು. ಆದರೆ ಅಷ್ಟು ಗಿಡ್ಡ ಸಂಗಮದೂರಕ್ಕೆ ಗೋಳ ಸಾಲದು. ಲೆಕ್ಕ ಹಾಕಿದರೆ ಅಲೆಯಲ್ಲಿ ಒಂದು ತರಂಗಕ್ಕೂ ಮಿಕ್ಕ ತಪ್ಪು ಬಂತು.

ಈ ತಪ್ಪು ಕನ್ನಡಿಯ ಅಗಲದ ನಾಲ್ಕನೆಯ ಘಾತದಲ್ಲಿ ಏರಿಳಿಯುತ್ತದೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹಳೆಯ ರಟ್ಟಿನ ಪೆಟ್ಟಿಗೆಯಿಂದ ಕೊಳವೆಯ ಬಾಯಿಗೆ ಮುಚ್ಚಳ ಕತ್ತರಿಸಿ, ನಡುವೆ 75 ಮಿಲಿಮೀಟರಿನ ತೂತು ಮಾಡಿದಳು. ಬೆಳಕು ಅರ್ಧಕ್ಕಿಂತ ಕಡಿಮೆಯಾಯಿತು, ತಪ್ಪು ಐದರಲ್ಲೊಂದು ಪಾಲಿಗೆ ಇಳಿಯಿತು. ಅಂದು ರಾತ್ರಿ ಅದೇ ಮೈದಾನದಲ್ಲಿ ಗುರುವಿನ ಎರಡು ಪಟ್ಟೆಗಳು ಬಿಡಿಬಿಡಿಯಾಗಿ ಕಂಡವು. ಮೇಷ್ಟ್ರು ಮುಚ್ಚಳ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡಿದರು. ಆಮೇಲೆ ಬ್ಲೇಡು ಎಲ್ಲಿ ಸಿಗುತ್ತದೆ, ಸೂಜಿತೂತು ಎಷ್ಟು ದೊಡ್ಡದಿರಬೇಕು ಎಂದು ಕೇಳಿ ಬರೆದುಕೊಂಡರು.