ತೊಗರಿಯ ದರ ಮತ್ತು ತಡವಾಗಿ ಬಂದ ಆದೇಶ

2017ರ ಜನವರಿಯಲ್ಲಿ ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜ್‌ನಲ್ಲಿ, ಅಡತಿ ಅಂಗಡಿಯ ಮುಂದೆ ಚೀಲಗಳಿಗೆ ಒರಗಿ ಕುಳಿತಿದ್ದ ರೈತರೊಬ್ಬರು ಅಂಗೈಯಲ್ಲಿ ಒಂದು ಹಿಡಿ ತೊಗರಿ ಹರವಿಕೊಂಡು ಹೇಳಿದ್ದರು: “ಹೋದ ವರ್ಷದ ರೇಟ್ ನೋಡಿ ಬಿತ್ತಿದ್ವಿರಿ ಸರ್, ಮಾರಾದು ಮಾತ್ರ ಈ ವರ್ಷದ ರೇಟಿಗೆ.” ನಾನು ತರಗತಿಯಲ್ಲಿ ಒಂದು ಗಂಟೆ ಹಲಗೆಯ ಮೇಲೆ ಗೆರೆ ಎಳೆದು ವಿವರಿಸುವ ವಿಷಯ ಅದು. ಅಮೆರಿಕದ ಅರ್ಥಶಾಸ್ತ್ರಜ್ಞ ಮಾರ್ಡಿಕೈ ಎಜೆಕಿಯೆಲ್ 1938ರಲ್ಲಿ ಇದನ್ನೇ ಜೇಡರ ಬಲೆಯ ಸಿದ್ಧಾಂತವೆಂದು ವಿವರಿಸಿದರು: ಬಿತ್ತುವ ತೀರ್ಮಾನ ಹಿಂದಿನ ಬೆಲೆಯನ್ನು ನೋಡಿ ಆಗುತ್ತದೆ, ಬೆಳೆ ಕೈಗೆ ಬರಲು ತಿಂಗಳುಗಟ್ಟಲೆ ಬೇಕಾಗುತ್ತದೆ, ಕೊನೆಗೆ ಬೆಲೆಯನ್ನು ನಿರ್ಧರಿಸುವುದು ಆ ಹೊತ್ತಿಗೆ ಮಾರುಕಟ್ಟೆಗೆ ಬಂದ ಮಾಲು.

ಜೂನ್-ಜುಲೈನಲ್ಲಿ ಬಿತ್ತಿ ಡಿಸೆಂಬರ್-ಜನವರಿಯಲ್ಲಿ ರಾಶಿ ಮಾಡುವ ತೊಗರಿಗೆ ಈ ವಿವರಣೆ ಅಳತೆ ಕೊಟ್ಟು ಹೊಲಿಸಿದಂತೆ ಒಪ್ಪುತ್ತದೆ. 2015ರಲ್ಲಿ ಬರ ಬಿದ್ದು ಬೇಳೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಏರಿತು. ಮರುವರ್ಷ ಮಳೆಯೂ ಕೈಹಿಡಿದದ್ದರಿಂದ ದೇಶದ ತೊಗರಿ ಉತ್ಪಾದನೆ ಸುಮಾರು 25.6 ಲಕ್ಷ ಟನ್‌ನಿಂದ 48.7 ಲಕ್ಷ ಟನ್‌ಗೆ ಜಿಗಿಯಿತು. ಬೇಳೆ ಅಗ್ಗವಾಯಿತೆಂದು ಯಾರ ಮನೆಯಲ್ಲೂ ಎರಡು ಸೌಟು ಹೆಚ್ಚು ತೊವ್ವೆ ಬಡಿಸುವುದಿಲ್ಲವಾದ್ದರಿಂದ, ಹೆಚ್ಚಾದ ಮಾಲಿನ ಭಾರವೆಲ್ಲ ಬೆಲೆಯ ಮೇಲೆಯೇ ಬೀಳುತ್ತದೆ. ಕ್ವಿಂಟಲ್‌ಗೆ 5,050 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಗಂಜ್‌ನ ದರ ಅದಕ್ಕಿಂತ ಕೆಳಗಿಳಿಯಿತು.

ಹೀಗಾದೀತೆಂದು ಯಾರೂ ಊಹಿಸಿರಲಿಲ್ಲವೆಂದಲ್ಲ. ಆಗ ಕೇಂದ್ರ ಸರ್ಕಾರದ ಮುಖ್ಯ ಆರ್ಥಿಕ ಸಲಹೆಗಾರರಾಗಿದ್ದ ಅರವಿಂದ ಸುಬ್ರಮಣಿಯನ್ ನೇತೃತ್ವದ ಸಮಿತಿ 2016ರ ಸೆಪ್ಟೆಂಬರ್‌ನಲ್ಲಿಯೇ ವರದಿ ಕೊಟ್ಟಿತ್ತು. ಸರ್ಕಾರ ಖರೀದಿಯನ್ನು ಸಮರೋಪಾದಿಯಲ್ಲಿ ನಡೆಸಬೇಕು, ಬೇಳೆಕಾಳುಗಳ ರಫ್ತು ನಿಷೇಧವನ್ನೂ ದಾಸ್ತಾನು ಮಿತಿಯನ್ನೂ ತೆಗೆಯಬೇಕು, 2017ರ ಮುಂಗಾರಿಗೆ ತೊಗರಿಯ ಬೆಂಬಲ ಬೆಲೆಯನ್ನು 6,000 ರೂಪಾಯಿಗೆ ಏರಿಸಬೇಕು ಎಂದು ಅದು ಹೇಳಿತ್ತು. ತೊಗರಿ ಕಡಿಮೆ ನೀರು ಕುಡಿದು ಮಣ್ಣಿಗೆ ಸಾರಜನಕ ಸೇರಿಸುವುದರಿಂದ ಸಮಾಜಕ್ಕಾಗುವ ಲಾಭವನ್ನೂ ಬೆಲೆಯಲ್ಲಿ ಲೆಕ್ಕ ಹಿಡಿಯಬೇಕೆಂಬ ಅದರ ವಾದ ನನಗೆ ಇಂದಿಗೂ ಮೆಚ್ಚುಗೆಯದು. ಎರೆಹೊಲದ ರೈತರು ಅದನ್ನು ವರದಿಯಿಲ್ಲದೆಯೇ ಬಲ್ಲರು ಎಂಬುದು ಬೇರೆ ಮಾತು.

ಆದದ್ದೇನೆಂದರೆ, 2017ರ ಬೆಂಬಲ ಬೆಲೆ 5,450 ರೂಪಾಯಿಗೆ ನಿಂತಿತು. ತೊಗರಿಯ ರಫ್ತಿಗಿದ್ದ ತಡೆ ತೆರವಾದದ್ದು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅಂದರೆ ಸಾಲದ ಕಂತು ಕಟ್ಟಬೇಕಾದ ಸಣ್ಣ ಹಿಡುವಳಿದಾರರು ಮಾಲು ಮಾರಿ ತಿಂಗಳುಗಳೇ ಕಳೆದ ಮೇಲೆ. ಸಂಶೋಧನೆ ನೀತಿಯೊಳಗೆ ಬರುವುದು ಬಹುತೇಕ ಹೀಗೆಯೇ, ತುಂಡು ತುಂಡಾಗಿ. ಬೆಲೆಯ ಅಂಕಿಯನ್ನು ಕುರಿತು ನಡೆಯುವ ಚರ್ಚೆಯ ಕಾಲುಭಾಗವೂ ತಾರೀಕನ್ನು ಕುರಿತು ನಡೆಯುವುದಿಲ್ಲ. ರಾಶಿಯಾದ ವಾರದಲ್ಲೇ ಮಾರಬೇಕಾದವರಿಗೆ, ತಿಂಗಳ ನಂತರ ತೆರೆಯುವ ಖರೀದಿ ಕೇಂದ್ರದ ಬೆಲೆ ಗೋಡೆಯ ಮೇಲಿನ ಬರಹವಷ್ಟೆ. ಮಾಲನ್ನು ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವ ದಾರಿಯಿದೆಯಾದರೂ, ಹತ್ತು ಚೀಲ ಬೆಳೆದವರು ಬಾಡಿಗೆ ಟ್ರ್ಯಾಕ್ಟರ್‌ನಲ್ಲಿ ಅದನ್ನು ಎರಡು ಸಲ ಸಾಗಿಸುವ ಖರ್ಚನ್ನು ಮೊದಲು ಲೆಕ್ಕ ಹಾಕುತ್ತಾರೆ, ಮತ್ತು ಆ ಲೆಕ್ಕ ಸರಿಯಾಗಿಯೇ ಇರುತ್ತದೆ.

2025-26ಕ್ಕೆ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ. ನನ್ನ ವಿದ್ಯಾರ್ಥಿಗಳ ನೋಟ್‌ಬುಕ್ಕಿನಲ್ಲಿ ಈಗ ಮೂರು ಕಾಲಂಗಳಿವೆ: ಆ ದಿನದ ಗಂಜ್ ದರ, ರೈತರು ರಾಶಿ ಮಾಡಿದ ದಿನ, ಅವರ ಊರಿಗೆ ಹತ್ತಿರದ ಖರೀದಿ ಕೇಂದ್ರದಲ್ಲಿ ಮೊದಲ ಚೀಲ ತೂಗಿದ ದಿನ.