ಮಿಂಟ್ ಸಿಗರೇಟಿಗೆ ಬದಲಾದರೆ ಚಟ ಬಿಡುವ ದಾರಿಯಲ್ಲಿ ಅರ್ಧ ಬಂದಂತೆಯೇ?

ಓದುಗರ ಪ್ರಶ್ನೆ: ಹಲವು ವರ್ಷಗಳಿಂದ ಸಾದಾ ಸಿಗರೇಟು ಸೇದುತ್ತಿದ್ದವನು ಈಚೆಗೆ ಫಿಲ್ಟರಿನೊಳಗೆ ಗುಳಿಗೆಯಿರುವ ಮಿಂಟ್ ಸಿಗರೇಟಿಗೆ ಬದಲಾಗಿದ್ದೇನೆ. ಗಂಟಲು ಉರಿಯುವುದಿಲ್ಲ, ಕೆಮ್ಮೂ ಕಡಿಮೆಯಾಗಿದೆ. ಇದು ಹಗುರವಾದ ಸಿಗರೇಟಲ್ಲವೇ? ಇಲ್ಲಿಂದ ಪೂರ್ತಿ ಬಿಡುವುದು ಸುಲಭವಾದೀತೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹಗುರವಾಗಿರುವುದು ಗಂಟಲಿಗೆ ಮಾತ್ರ. ತಂಬಾಕು ಉರಿದಾಗ ಹುಟ್ಟುವ ಟಾರು, ಕಾರ್ಬನ್ ಮೊನಾಕ್ಸೈಡು, ಕ್ಯಾನ್ಸರ್ ತರುವ ರಾಸಾಯನಿಕಗಳು ಈ ಸಿಗರೇಟಿನ ಹೊಗೆಯಲ್ಲೂ ಇವೆ, ನಿಕೋಟಿನ್ ಕೂಡ ಇದೆ. ಕೆಮ್ಮು ಕಡಿಮೆಯಾದದ್ದು ಶ್ವಾಸಕೋಶ ಚೇತರಿಸಿಕೊಂಡಿದ್ದರಿಂದಲ್ಲ, ಹೊಗೆ ಚುಚ್ಚುತ್ತಿದೆ ಎಂಬ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟದಿರುವುದರಿಂದ. ಬಿಡುವ ವಿಷಯಕ್ಕೆ ಬಂದರೆ, ಅಧ್ಯಯನಗಳು ತೋರಿಸಿರುವುದು ನಿಮ್ಮ ನಿರೀಕ್ಷೆಯ ವಿರುದ್ಧ ದಿಕ್ಕನ್ನು.

ಮಿಂಟ್ ಸಿಗರೇಟಿಗೆ ತಂಪು ಕೊಡುವುದು ಪುದೀನ ಜಾತಿಯ ಗಿಡದ ಎಣ್ಣೆಯಿಂದ ತೆಗೆಯುವ ಮೆಂಥಾಲ್. ಅದು ಗಂಟಲನ್ನು ನಿಜವಾಗಿ ತಣ್ಣಗೆ ಮಾಡುವುದಿಲ್ಲ. ಚರ್ಮದಲ್ಲಿ, ಬಾಯಲ್ಲಿ, ಶ್ವಾಸಮಾರ್ಗದಲ್ಲಿ ಹರಡಿರುವ ನರಗಳ ತುದಿಯಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನು ಇದ್ದು, ಅದು ಚಳಿ ತಗುಲಿದಾಗ ತೆರೆದುಕೊಳ್ಳುವ ಬಾಗಿಲಿನಂತೆ ಕೆಲಸ ಮಾಡುತ್ತದೆ. ಮೆಂಥಾಲ್ ಚಳಿಯೇ ಇಲ್ಲದೆ ಅದೇ ಬಾಗಿಲನ್ನು ತೆರೆಸುತ್ತದೆ. ಈ ಪ್ರೋಟೀನನ್ನು 2002ರಲ್ಲಿ ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಪ್ರತ್ಯೇಕವಾಗಿ ಗುರುತಿಸಿದರು, ಅದಕ್ಕೆ ಅವರು ಬಳಸಿದ್ದು ಮೆಂಥಾಲನ್ನೇ; ಶಾಖ ಮತ್ತು ಸ್ಪರ್ಶದ ಅರಿವಿನ ಕುರಿತ ಒಟ್ಟು ಕೆಲಸಕ್ಕಾಗಿ 2021ರ ನೊಬೆಲ್ ಅವರಿಬ್ಬರಿಗೆ ಬಂದಿತು. ನೆಗಡಿಯಾದಾಗ ಎದೆಗೆ ಮುಲಾಮು ಹಚ್ಚಿಕೊಂಡರೆ ಕಟ್ಟಿದ ಮೂಗು ಬಿಚ್ಚಿದಂತೆ ಅನಿಸುವುದೂ ಇದರಿಂದಲೇ, ಗಾಳಿ ಹೆಚ್ಚು ಹರಿಯದಿದ್ದರೂ ಹರಿದಂತೆ ತೋರುತ್ತದೆ. ಬಿಸಿ ಹೊಗೆಯ ಉರಿ, ನಿಕೋಟಿನ್ನಿನದೇ ಆದ ಕಾರ, ಇವೆರಡೂ ಆ ತಂಪಿನ ಕೆಳಗೆ ಅಡಗಿಹೋಗುತ್ತವೆ. ಗುಳಿಗೆಯ ಸಿಗರೇಟಿನಲ್ಲಿ ಬೇಕಾದಾಗ ಬೆರಳಿನಿಂದ ಒತ್ತಿ, ಟಕ್ಕೆಂದು ಒಡೆದು, ಈ ಮರೆಯನ್ನು ನೀವೇ ಎಳೆದುಕೊಳ್ಳುತ್ತೀರಿ, ಅಷ್ಟೇ ವ್ಯತ್ಯಾಸ.

ಹಲ್ಲುನೋವಿಗೆ ಲವಂಗ ಕಚ್ಚಿಕೊಂಡವರಿಗೆ ಇಂಥದೇ ಇನ್ನೊಂದು ಉಪಾಯವನ್ನು ವಿವರಿಸಬೇಕಾಗಿಲ್ಲ. ಲವಂಗದ ಯೂಜಿನಾಲ್ ಒಸಡನ್ನು ಮರಗಟ್ಟಿಸುವಂತೆ ಗಂಟಲನ್ನೂ ಮರಗಟ್ಟಿಸುತ್ತದೆ. ತಂಬಾಕಿಗೆ ಲವಂಗ ಬೆರೆಸಿ ಮಾಡುವ ಇಂಡೋನೇಷ್ಯಾದ ಕ್ರೆಟೆಕ್ ಸಿಗರೇಟು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾದ ಕುದುಸ್ ಪಟ್ಟಣದಲ್ಲಿ ಹುಟ್ಟಿತು. ಸೇದುವಾಗ ಲವಂಗ ಚಟಪಟ ಸಿಡಿಯುವ ಸದ್ದೇ ಅದರ ಹೆಸರಾಯಿತು.

ಮೊದಲ ಸಿಗರೇಟು ಯಾರಿಗೂ ರುಚಿಸುವುದಿಲ್ಲ. ಕೆಮ್ಮು, ತಲೆಸುತ್ತು, ಹೊಟ್ಟೆ ತೊಳಸುವಿಕೆ ದೇಹ ಕೊಡುವ ಎಚ್ಚರಿಕೆಗಳು, ಎಷ್ಟೋ ಮಂದಿ ಅಲ್ಲಿಗೇ ನಿಲ್ಲಿಸುತ್ತಾರೆ. ಸ್ವಾದ ಬೆರೆತಾಗ ಆ ಎಚ್ಚರಿಕೆ ಮೆತ್ತಗಾಗಿ, ಎರಡನೆಯದೂ ಮೂರನೆಯದೂ ಸಲೀಸಾಗುತ್ತದೆ. ಸ್ವಾದದ ಅತಿ ದೊಡ್ಡ ಅಪಾಯ ಇದೇ ಎಂದು ನನ್ನ ಅಭಿಪ್ರಾಯ, ಮತ್ತು ಅದು ತಟ್ಟುವುದು ಹದಿಹರೆಯದವರಿಗೆ. ಆದರೆ ನಿಮ್ಮಂತೆ ಆಗಲೇ ಚಟ ಹತ್ತಿದವರ ವಿಷಯದಲ್ಲೂ ಅದು ಸುಮ್ಮನಿರುವುದಿಲ್ಲ.

ಎಳೆದ ಹೊಗೆಯ ನಿಕೋಟಿನ್ ಹತ್ತು ಇಪ್ಪತ್ತು ಸೆಕೆಂಡಿನೊಳಗೆ ಮಿದುಳನ್ನು ತಲುಪಿ, ಅಲ್ಲಿ ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳೆಂಬ ಪ್ರೋಟೀನುಗಳಿಗೆ ಅಂಟಿಕೊಂಡು, ಹಿತವೆನಿಸುವಂತೆ ಮಾಡುವ ಡೋಪಮೈನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ದಿನವೂ ಇದು ನಡೆದಾಗ ಗ್ರಾಹಕಗಳ ಸಂಖ್ಯೆ ಹೆಚ್ಚುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕಿಳಿಯುವುದರಿಂದ ಖಾಲಿಯಾದ ಗ್ರಾಹಕಗಳು ಮತ್ತೆ ಕೇಳತೊಡಗುತ್ತವೆ, ನಾವು ತಲಬು ಎನ್ನುವುದು ಅದನ್ನೇ. ಮೆಂಥಾಲ್ ಸೇದುವವರ ಮಿದುಳಿನ ಚಿತ್ರಣಗಳಲ್ಲಿ ಈ ಗ್ರಾಹಕಗಳು ಸಾದಾ ಸಿಗರೇಟಿನವರಿಗಿಂತ ಹೆಚ್ಚಾಗಿ ಕಂಡದ್ದುಂಟು. ಯಕೃತ್ತು ನಿಕೋಟಿನ್ನನ್ನು ಕರಗಿಸುವ ವೇಗವನ್ನು ಮೆಂಥಾಲ್ ತುಸು ತಗ್ಗಿಸುತ್ತದೆ ಎಂಬುದೂ ಪ್ರಯೋಗಗಳಲ್ಲಿ ಕಂಡಿದೆ. ಇವೆಲ್ಲಕ್ಕಿಂತ ಸರಳವಾದ ಕಾರಣ ಇನ್ನೊಂದಿದೆ. ಸಾವಿರಾರು ಬಾರಿ ಒಟ್ಟಿಗೇ ಬಂದ ತಂಪು ಮತ್ತು ನಿಕೋಟಿನ್ ಮಿದುಳಿನಲ್ಲಿ ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ಗುಳಿಗೆ ಒಡೆಯುವ ಸದ್ದು, ಗಂಟಲಿನ ಆ ಚಳಿ, ಇವೂ ಚಟದ ಭಾಗವಾಗುತ್ತವೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಲಭ್ಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿದಾಗ ಹೊರಬಂದ ತೀರ್ಮಾನ ಸಮತೋಲನದ್ದು: ಮೆಂಥಾಲಿನಿಂದ ಹೊಗೆಯ ವಿಷ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ, ಆದರೆ ಸೇದಲು ತೊಡಗುವುದು, ಹೆಚ್ಚು ಅವಲಂಬಿತರಾಗುವುದು, ಬಿಡುವ ಯತ್ನದಲ್ಲಿ ಸೋಲುವುದು ಇವು ಹೆಚ್ಚುವ ಸಂಭವವಿದೆ. ವಿಷ ಹೆಚ್ಚಿಲ್ಲ ಎಂಬ ಮೊದಲ ಭಾಗವನ್ನಷ್ಟೇ ಎತ್ತಿಕೊಂಡು ನೆಮ್ಮದಿಪಡುವವರು ಸಾಕಷ್ಟಿದ್ದಾರೆ. ಅಷ್ಟೇ ವಿಷವನ್ನು ಇನ್ನೂ ಹತ್ತು ವರ್ಷ ಹೆಚ್ಚಾಗಿ ಸೇದಿದರೆ ಲೆಕ್ಕ ಏನಾಗುತ್ತದೆ ಎಂಬುದು ಹೇಳದೆಯೇ ತಿಳಿಯುವಂಥದ್ದು.

ಅದೇ ಅಮೆರಿಕ 2009ರ ಕಾನೂನಿನಲ್ಲಿ ಹಣ್ಣು, ಮಸಾಲೆ, ಸಿಹಿತಿಂಡಿಗಳ ಸ್ವಾದದ ಸಿಗರೇಟುಗಳನ್ನೆಲ್ಲ ನಿಷೇಧಿಸಿ ಮೆಂಥಾಲನ್ನು ಮಾತ್ರ ಹೊರಗಿಟ್ಟಿತು. ತನ್ನ ಲವಂಗದ ಸಿಗರೇಟು ನಿಷೇಧಕ್ಕೆ ಸಿಕ್ಕಿ ಅಮೆರಿಕದ ಮೆಂಥಾಲ್ ಮಾತ್ರ ಉಳಿದದ್ದನ್ನು ಇಂಡೋನೇಷ್ಯಾ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಪ್ರಶ್ನಿಸಿ 2012ರಲ್ಲಿ ಗೆದ್ದಿತು. ಮೆಂಥಾಲನ್ನೂ ನಿಷೇಧಿಸುವ ಪ್ರಸ್ತಾವ 2022ರಲ್ಲಿ ಬಂದು, 2025ರ ಜನವರಿಯಲ್ಲಿ ಹಿಂದಕ್ಕೆ ಹೋಯಿತು. ಐರೋಪ್ಯ ಒಕ್ಕೂಟವಾದರೋ 2020ರ ಮೇ ತಿಂಗಳಿನಿಂದ ಮೆಂಥಾಲ್ ಸಿಗರೇಟನ್ನು ಪೂರ್ತಿ ನಿಲ್ಲಿಸಿದೆ.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದ ಸಾಕ್ಷ್ಯ ಕೆನಡಾದ್ದು. ಅಲ್ಲಿ 2015ರಲ್ಲಿ ನೋವಾ ಸ್ಕೋಷಿಯಾ ಪ್ರಾಂತ್ಯದಿಂದ ಆರಂಭವಾಗಿ 2017ರ ಹೊತ್ತಿಗೆ ದೇಶವಿಡೀ ಮೆಂಥಾಲ್ ಸಿಗರೇಟಿನ ಮಾರಾಟ ನಿಂತಿತು. ನಿಷೇಧದ ಮುಂಚೆ ಮತ್ತು ಆಮೇಲೆ ಅದೇ ಜನರನ್ನು ವಿಚಾರಿಸಿದಾಗ, ಮೆಂಥಾಲ್ ಸೇದುತ್ತಿದ್ದವರಲ್ಲಿ ಶೇ. 22ರಷ್ಟು ಮಂದಿ ಧೂಮಪಾನವನ್ನೇ ಬಿಟ್ಟಿದ್ದರು, ಸಾದಾ ಸಿಗರೇಟಿನವರಲ್ಲಿ ಈ ಪ್ರಮಾಣ ಶೇ. 15 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಂದಿ ಸಾದಾ ಸಿಗರೇಟಿಗೆ ಹೊರಳಿಕೊಂಡರು ಎಂಬುದೂ ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ತಂಪು ಹೋದೊಡನೆ ಅಷ್ಟು ಮಂದಿಗೆ ಸಿಗರೇಟೇ ಬೇಡವಾದದ್ದು, ಅವರನ್ನು ಹಿಡಿದಿಟ್ಟಿದ್ದರಲ್ಲಿ ಆ ತಂಪಿನ ಪಾಲೂ ಇತ್ತೆಂಬುದನ್ನು ತೋರಿಸುತ್ತದೆ.

ಭಾರತದಲ್ಲಿ ಇ-ಸಿಗರೇಟನ್ನು 2019ರಲ್ಲಿ ನಿಷೇಧಿಸಲಾಗಿದೆ, ಕರ್ನಾಟಕವು 2024ರಲ್ಲಿ ಸ್ವಾದದ ಹುಕ್ಕಾವನ್ನೂ ನಿಷೇಧಿಸಿತು, ಆದರೆ ಸ್ವಾದದ ಸಿಗರೇಟಿಗೆ ಪ್ರತ್ಯೇಕ ತಡೆಯಿಲ್ಲ. ಒಂದೇ ಬೀಡಾ ಅಂಗಡಿಯ ಮಟ್ಟಿಗೆ ಇದು ವಿಚಿತ್ರವಾದ ನ್ಯಾಯ.

ಇನ್ನು ಬಿಡುವ ಮಾತು. ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂಬುದನ್ನು ಮೊದಲು ಗಮನಿಸಿ. ಅರ್ಧ ಗಂಟೆಯೊಳಗಾದರೆ ಅವಲಂಬನೆ ಗಟ್ಟಿಯಾಗಿದೆ ಎಂದರ್ಥ, ಮನೋಬಲವೊಂದನ್ನೇ ನೆಚ್ಚದೆ ವೈದ್ಯರ ನೆರವು ಪಡೆಯುವುದು ಮೇಲು. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪಟ್ಟಿ, ಬುಪ್ರೋಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳು ಇವೆಲ್ಲ ಪರೀಕ್ಷೆಗೊಳಪಟ್ಟು ಉಪಯುಕ್ತವೆಂದು ಸಾಬೀತಾದ ಚಿಕಿತ್ಸೆಗಳು. ಗಮ್ ಬಳಸುವವರು ಮಾಡುವ ಸಾಮಾನ್ಯ ತಪ್ಪು ಅದನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯುವುದು. ಹಾಗೆ ಮಾಡಿದರೆ ನಿಕೋಟಿನ್ ಜೊಲ್ಲಿನೊಂದಿಗೆ ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ ಬರುತ್ತದೆ. ನಾಲ್ಕಾರು ಬಾರಿ ಅಗಿದು, ಬಾಯಲ್ಲಿ ಚುರುಗುಟ್ಟಿದೊಡನೆ ಕೆನ್ನೆಯ ಸಂದಿಯಲ್ಲಿ ಒತ್ತರಿಸಿಟ್ಟು, ಚುರುಚುರು ಇಳಿದ ಮೇಲೆ ಮತ್ತೆ ಅಗಿಯಬೇಕು. ಅದಕ್ಕೆ ಹದಿನೈದು ನಿಮಿಷ ಮೊದಲು ಕಾಫಿ ಅಥವಾ ಹುಳಿ ಪಾನೀಯ ಕುಡಿದಿದ್ದರೆ ಮದ್ದು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಬೆಳಗಿನ ಕಾಫಿ ಬಿಡಲಾಗದ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಹೃದಯದ ತೊಂದರೆ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಚಿಕಿತ್ಸೆಗಳಿಗೆ ತೊಡಗಬಾರದು.

ನಿಕೋಟಿನ್ನಿಗೆ ಮದ್ದಿದ್ದರೂ ತಂಪಿನ ಬಯಕೆಗೆ ಬೇರೆ ಏರ್ಪಾಡು ಬೇಕು. ಜೇಬಿನಲ್ಲಿ ಸಿಗರೇಟಿನ ಜಾಗಕ್ಕೆ ಏಲಕ್ಕಿ ಅಥವಾ ಸೋಂಪು ಇಟ್ಟುಕೊಳ್ಳಿ, ತಣ್ಣೀರು ಗುಟುಕರಿಸಿ. ಪುದೀನದ ರುಚಿಯೇ ಸಿಗರೇಟನ್ನು ನೆನಪಿಸುತ್ತದೆ ಎನಿಸಿದರೆ ಗಮ್ಮನ್ನು ಬೇರೆ ಸ್ವಾದದಲ್ಲಿ ಕೊಳ್ಳಿ. ಸಿಡುಕು, ನಿದ್ದೆಗೇಡು, ಮಂಕು ಮೊದಲ ಎರಡು ಮೂರು ದಿನ ಜೋರಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಒಂದೊಂದು ತಲಬೂ ಕೆಲವೇ ನಿಮಿಷದ್ದು. ರಾಷ್ಟ್ರೀಯ ತಂಬಾಕು ವ್ಯಸನಮುಕ್ತಿ ಸಹಾಯವಾಣಿ 1800-11-2356ಕ್ಕೆ ಕರೆ ಶುಲ್ಕವಿಲ್ಲ. ದಕ್ಷಿಣ ರಾಜ್ಯಗಳ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದ್ದು, ಕನ್ನಡದಲ್ಲೇ ಮಾತನಾಡಬಹುದು.

ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚಿದರೆ ಗಾಬರಿಯಾಗಿ ಮತ್ತೆ ಮಿಂಟ್ ಸಿಗರೇಟಿಗೆ ಮರಳಬೇಡಿ. ಹೊಗೆಯಿಂದ ಜಡವಾಗಿದ್ದ ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಕೆಲಸ ಹಿಡಿದು ಕಫವನ್ನು ಮೇಲಕ್ಕೆ ತಳ್ಳುವಾಗ ಹಾಗಾಗುವುದುಂಟು. ಆದರೆ ಅದು ಮೂರು ವಾರ ದಾಟಿದರೆ, ಅಥವಾ ಕಫದಲ್ಲಿ ರಕ್ತ ಕಂಡರೆ, ಎದೆಯ ವೈದ್ಯರಿಗೆ ತೋರಿಸಿ.