ಕೂವೆಯ ತುದಿಯಲ್ಲಿ ಬಲ್ಬ್ ಬದಲಿಸಿದರೆ ಸಾಲದು

ಹಾಯಿದೋಣಿಯ ಮಾಲೀಕರು ನನ್ನ ಬಳಿಗೆ ಬರುವಾಗ ಹೆಚ್ಚಿನವರ ಕೈಯಲ್ಲಿ ಒಂದು ಪೊಟ್ಟಣ ಇರುತ್ತದೆ. ಅದರೊಳಗೆ ಆನ್‌ಲೈನಿನಲ್ಲಿ ತರಿಸಿಕೊಂಡ ಎಲ್‌ಇಡಿ ಬಲ್ಬುಗಳು. ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸುವುದು, ಅರ್ಧ ದಿನದ ಕೆಲಸ ಎಂಬುದು ಅವರ ಲೆಕ್ಕ. ಕ್ಯಾಬಿನ್ನಿನ ಒಳಗಿನ ದೀಪಗಳ ಮಟ್ಟಿಗೆ ಈ ಲೆಕ್ಕ ಹೆಚ್ಚುಕಡಿಮೆ ಸರಿ. ಹೊರಗಿನ ದೀಪಗಳಿಗೆ, ಅದರಲ್ಲೂ ಕೂವೆಯ, ಎಂದರೆ ಹಾಯಿ ಕಟ್ಟುವ ಕಂಬದ, ತುದಿಯಲ್ಲಿ ಕೆಂಪು, ಹಸಿರು, ಬಿಳಿ ಮೂರನ್ನೂ ತೋರುವ ತ್ರಿವರ್ಣ ದೀಪಕ್ಕೆ, ಸರಿಯಲ್ಲ. ಅಲ್ಲಿ ಬಲ್ಬು, ಗಾಜು ಸೇರಿದಂತೆ ದೀಪದ ಗೂಡನ್ನೇ ಇಡಿಯಾಗಿ ಬದಲಿಸಿ ಎಂದು ನಾನು ಹೇಳುತ್ತೇನೆ. ಬೆಲೆ ಕೇಳಿದ ಕೂಡಲೇ ಮಾತು ಮುಂದುವರಿಯುವುದಿಲ್ಲ. ಆದ್ದರಿಂದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎಲ್‌ಇಡಿಯ ಪರವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ರಾತ್ರಿ ಹಾಯಿಯಲ್ಲಿ ಸಾಗುವಾಗ ಎಂಜಿನ್ ನಿಂತಿರುತ್ತದೆ, ಸೌರ ಫಲಕ ಮಲಗಿರುತ್ತದೆ, ಇರುವುದು ಬ್ಯಾಟರಿಯೊಂದೇ. ತ್ರಿವರ್ಣ ದೀಪದ ಹಳೆಯ ತಂತಿ (ಫಿಲಮೆಂಟ್) ಬಲ್ಬ್ 25 ವ್ಯಾಟಿನದು. 12 ವೋಲ್ಟಿನಲ್ಲಿ ಅದು ಎರಡು ಆಂಪಿಯರಿಗಿಂತ ತುಸು ಹೆಚ್ಚು ಎಳೆಯುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಾಯಿ ಬಿಚ್ಚುವ ಕಾಲ ಮಳೆಗಾಲ ಮುಗಿದ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ಆಗ ಇರುಳೆಂದರೆ ಸುಮಾರು ಹನ್ನೆರಡು ತಾಸು. ಯುರೋಪಿನ ಬೇಸಿಗೆಯ ಚಿಕ್ಕ ರಾತ್ರಿಗಳನ್ನು ಲೆಕ್ಕ ಹಿಡಿದು ಬರೆದ ಕೈಪಿಡಿಗಳು ಇಲ್ಲಿಗೆ ಹೊಂದುವುದಿಲ್ಲ. ಹೀಗೆ ಒಂದೇ ದೀಪಕ್ಕೆ ರಾತ್ರಿಗೆ 25 ಆಂಪಿಯರ್-ತಾಸು ಬೇಕಾಯಿತು. 100 ಆಂಪಿಯರ್-ತಾಸಿನ ಸೀಸದ ಬ್ಯಾಟರಿಯಲ್ಲಿ, ಅದರ ಆಯಸ್ಸು ಕೆಡದಂತೆ ಬಳಸಬಹುದಾದದ್ದು ಅರ್ಧ ಮಾತ್ರ. ಆ ಅರ್ಧದಲ್ಲಿ ಮತ್ತೆ ಅರ್ಧವನ್ನು ಈ ದೀಪ ನುಂಗುತ್ತದೆ. ಅದೇ ಕೆಲಸವನ್ನು ಎಲ್‌ಇಡಿ ದೀಪ ಎರಡು ಮೂರು ವ್ಯಾಟಿನಲ್ಲಿ ಮಾಡುತ್ತದೆ; ಬೆಳಗಾಗುವಾಗ ಮೂರು ಆಂಪಿಯರ್-ತಾಸಿಗಿಂತ ಹೆಚ್ಚು ಖರ್ಚಾಗಿರುವುದಿಲ್ಲ. ಇನ್ನೊಂದು ಸೌರ ಫಲಕ ಕೊಳ್ಳಲು ಹೊರಟವರಿಗೆ ಮೊದಲು ಕೂವೆಯ ತುದಿಯನ್ನು ನೋಡಿ ಎನ್ನುವುದು ಇದಕ್ಕೇ.

ಆದರೆ ಆ ದೀಪ ಇರುವುದು ನಮಗೆ ದಾರಿ ತೋರಿಸಲು ಅಲ್ಲ. ಎದುರಿನಿಂದ ಬರುವ ಹಡಗಿನ ಅಧಿಕಾರಿಗೆ ನಾವು ಯಾವ ಮಗ್ಗುಲನ್ನು ತೋರಿಸುತ್ತಿದ್ದೇವೆ ಎಂದು ಹೇಳಲು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ ಎಡಮಗ್ಗುಲಿಗೆ ಕೆಂಪು, ಬಲಮಗ್ಗುಲಿಗೆ ಹಸಿರು, ತಲಾ 112.5 ಡಿಗ್ರಿ, ಹಿಂಬದಿಗೆ ಬಿಳಿ, 135 ಡಿಗ್ರಿ. 20 ಮೀಟರಿಗಿಂತ ಚಿಕ್ಕ ಹಾಯಿದೋಣಿ ಈ ಮೂರನ್ನೂ ಒಂದೇ ಗೂಡಿನಲ್ಲಿ ಸೇರಿಸಿ ಕೂವೆಯ ತುದಿಯಲ್ಲಿ ಇಡಬಹುದು. 12 ಮೀಟರ್ ಅಥವಾ ಅದಕ್ಕಿಂತ ಉದ್ದದ ದೋಣಿಯ ಮಗ್ಗುಲ ದೀಪ ಎರಡು ನಾಟಿಕಲ್ ಮೈಲಿಯಿಂದ ಕಾಣಬೇಕು. ಇದಕ್ಕೆ ಬೇಕಾದ ಬೆಳಕು 4.3 ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಅಳತೆ) ಎಂದು ನಿಯಮದ ಅನುಬಂಧವೇ ಹೇಳುತ್ತದೆ. ಇದೇನೂ ದೊಡ್ಡ ಬೆಳಕಲ್ಲ. ತೊಡಕಿರುವುದು ಬಣ್ಣದಲ್ಲಿ ಮತ್ತು ಕೋನದಲ್ಲಿ.

ಬಿಳಿ ಎಲ್‌ಇಡಿ ನಿಜವಾಗಿ ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ಹಳದಿ ಫಾಸ್ಫರ್ ನೀಲಿಯ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯೆನಿಸುತ್ತದೆ. ತಂಪು ಬಿಳಿಯ ಬಲ್ಬುಗಳಲ್ಲಿ ಕಡುಗೆಂಪು ಬಹಳ ಕಡಿಮೆ. ತಂತಿ ಬಲ್ಬಿನಲ್ಲಾದರೆ ಕೆಂಪೇ ಧಾರಾಳ. ಹಳೆಯ ಗೂಡಿನ ಕೆಂಪು ಗಾಜು ತನಗೆ ಬೇಕಾದ ಕೆಂಪನ್ನು ಬಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಬಲ್ಬಿನಲ್ಲಿ ಕೆಂಪೇ ಇಲ್ಲದಿದ್ದರೆ ಗಾಜಿನಾಚೆ ಬರುವುದಾದರೂ ಏನು? ಮಂಕಾದ, ಕಿತ್ತಳೆಗೆ ವಾಲಿದ ಬೆಳಕು. ಹಸಿರಿನ ಕತೆ ಬೇರೆ: ತಂತಿಯ ಹಳದಿ ಬೆಳಕನ್ನು ಸರಿದೂಗಿಸಲು ಆ ಗಾಜಿಗೆ ತುಸು ನೀಲಿ ಛಾಯೆ ಕೊಟ್ಟಿರುತ್ತಾರೆ. ಅದರ ಹಿಂದೆ ತಂಪು ಬಿಳಿಯನ್ನಿಟ್ಟರೆ ಹಸಿರು ನೀಲಿಯತ್ತ ಜಾರುತ್ತದೆ. ಇಡಿಯಾಗಿ ಎಲ್‌ಇಡಿಗೆಂದೇ ತಯಾರಿಸಿದ ಗೂಡುಗಳಲ್ಲಿ ಕೆಂಪಿಗೆ ಕೆಂಪು ಎಲ್‌ಇಡಿಯನ್ನೇ, ಹಸಿರಿಗೆ ಹಸಿರನ್ನೇ ಬಳಸಿರುತ್ತಾರೆ. ಗಾಜು ಬಣ್ಣ ಸೋಸುವ ಗೋಜೇ ಇಲ್ಲ.

ಕೋನದ ಸಂಗತಿ ಇದಕ್ಕಿಂತ ಸೂಕ್ಷ್ಮ. ತ್ರಿವರ್ಣ ದೀಪದ ಹಳೆಯ ಬಲ್ಬಿನಲ್ಲಿ ತಂತಿ ನೆಟ್ಟಗೆ ನಿಂತಿರುತ್ತದೆ, ಬಲು ಸಪೂರ. ಕೆಂಪು ಮತ್ತು ಹಸಿರಿನ ನಡುವಿನ ಗೆರೆ ಚೊಕ್ಕವಾಗಿ ಬೀಳುವುದು ಅದರಿಂದಲೇ. ನಿಯಮದ ಪ್ರಕಾರ ನೇರ ಮುಂದಿನ ಆ ಗೆರೆಯಾಚೆ ಒಂದರಿಂದ ಮೂರು ಡಿಗ್ರಿಯೊಳಗೆ ಬಣ್ಣ ಆರಿಹೋಗಬೇಕು. ತಂತಿಯ ಜಾಗದಲ್ಲಿ ಹೆಬ್ಬೆರಳ ಗಾತ್ರದ, ಸುತ್ತಲೂ ಚಿಪ್ಪುಗಳನ್ನು ಅಂಟಿಸಿದ ಎಲ್‌ಇಡಿ ಬಲ್ಬನ್ನು ನಿಲ್ಲಿಸಿದರೆ ಗೆರೆ ಕದಡುತ್ತದೆ. ಅಗಲವಾದ ಕೋನದಲ್ಲಿ ಎರಡೂ ಬಣ್ಣ ಒಟ್ಟಿಗೆ ಕಾಣುತ್ತವೆ. ಎರಡೂ ಕಂಡರೆ ಎದುರಿನವನು ನಾವು ನೇರವಾಗಿ ಅವನತ್ತಲೇ ಬರುತ್ತಿದ್ದೇವೆ ಎಂದು ಓದುತ್ತಾನೆ. ಅವನ ತಪ್ಪೇನೂ ಇಲ್ಲ. ನಾವು ಬರೆದದ್ದೇ ಹಾಗೆ. ದೋಣಿ ಗಾಳಿಗೆ ವಾಲುವುದನ್ನೂ ಮರೆಯಬಾರದು. ಹಾಯಿದೋಣಿಯ ದೀಪ ಮೇಲಕ್ಕೂ ಕೆಳಕ್ಕೂ 25 ಡಿಗ್ರಿಯವರೆಗೆ ಕನಿಷ್ಠ ಅರ್ಧದಷ್ಟಾದರೂ ಬೆಳಕು ಕೊಡಬೇಕು. ಕಿರಿದಾದ ಕಿರಣ ಚೆಲ್ಲುವ ಅಗ್ಗದ ಎಲ್‌ಇಡಿ ಬಂದರಿನಲ್ಲಿ ನೆಟ್ಟಗೆ ನಿಂತಿದ್ದಾಗ ಕಣ್ಣು ಕುಕ್ಕುತ್ತದೆ, ಗಾಳಿ ಹೆಚ್ಚಿ ದೋಣಿ ವಾಲಿದ ಕೂಡಲೇ ಸಮುದ್ರಕ್ಕೂ ಆಕಾಶಕ್ಕೂ ಬೆಳಕು ಚೆಲ್ಲುತ್ತದೆ. ದೀಪದ ಗೂಡಿಗೆ ಸಿಕ್ಕಿರುವ ಮಾನ್ಯತಾ ಪತ್ರ ಅದರ ಮೂಲ ಬಲ್ಬಿನೊಡನೆ ಪರೀಕ್ಷಿಸಿ ಕೊಟ್ಟದ್ದು. ಬೇರೆ ಬಲ್ಬ್ ಹಾಕಿದ ಮೇಲೆ ಅದನ್ನು ನೆಚ್ಚುವಂತಿಲ್ಲ.

ಇನ್ನು ರೇಡಿಯೋ. ಇದನ್ನು ಹೇಳಿದರೆ ಹಲವರು ನಂಬುವುದಿಲ್ಲ. ಬ್ಯಾಟರಿಯ ವೋಲ್ಟೇಜ್ ಒಂದೇ ಸಮನಾಗಿರುವುದಿಲ್ಲ. ಬಳಲಿದಾಗ ಹನ್ನೊಂದೂವರೆಗೆ ಇಳಿಯುತ್ತದೆ, ಎಂಜಿನ್ ಚಾರ್ಜ್ ಮಾಡುವಾಗ 14.4ಕ್ಕೆ ಏರುತ್ತದೆ. ಬರೀ ರೆಸಿಸ್ಟರ್ ಇಟ್ಟ ಬಲ್ಬ್ ಈ ಏರಿಳಿತದಲ್ಲಿ ಬಿಸಿಯಾಗಿ ಬೇಗ ಸಾಯುತ್ತದೆ. ಆದ್ದರಿಂದ 10ರಿಂದ 30 ವೋಲ್ಟಿನವರೆಗೆ ತಾಳುವ, ಒಳಗೆ ನಿಯಂತ್ರಕವಿರುವ ಬಲ್ಬ್ ಕೊಳ್ಳಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಸಲಹೆ ಸರಿಯೇ. ಆದರೆ ಆ ನಿಯಂತ್ರಕ ಸೆಕೆಂಡಿಗೆ ಲಕ್ಷಾಂತರ ಸಲ ಕರೆಂಟನ್ನು ಕತ್ತರಿಸಿ ಜೋಡಿಸುವ ಬಗೆಯದಾಗಿದ್ದು, ಅದಕ್ಕೆ ಸರಿಯಾದ ಫಿಲ್ಟರ್ ಇಲ್ಲದಿದ್ದರೆ, ದೀಪವೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಆಗುತ್ತದೆ. ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೋದ ಆಂಟೆನಾ ಇರುವುದು ಅದೇ ಕೂವೆಯ ತುದಿಯಲ್ಲಿ, ದೀಪದಿಂದ ಒಂದೆರಡು ಗೇಣು ದೂರ. ತುರ್ತು ಕರೆಯ 16ನೇ ಚಾನೆಲ್ 156.8 ಮೆಗಾಹರ್ಟ್ಜ್‌ನಲ್ಲಿದೆ, ಹಡಗುಗಳು ತಾವಿರುವ ಜಾಗವನ್ನು ರೇಡಿಯೋದಲ್ಲಿ ಸಾರುವ ಎಐಎಸ್ ವ್ಯವಸ್ಥೆ 162ರ ಆಸುಪಾಸಿನಲ್ಲಿದೆ. ಗದ್ದಲ ಎರಡನ್ನೂ ಮುಚ್ಚಬಲ್ಲದು. ಅಮೆರಿಕದ ಕರಾವಳಿ ರಕ್ಷಣಾ ಪಡೆ 2018ರ ಆಗಸ್ಟಿನಲ್ಲಿ ಇದರ ಬಗ್ಗೆಯೇ ಸುರಕ್ಷತಾ ಎಚ್ಚರಿಕೆ ಹೊರಡಿಸಿತು.

ಅದರಲ್ಲಿ ಹೇಳಿದ ಪರೀಕ್ಷೆಗೆ ಉಪಕರಣ ಏನೂ ಬೇಡ. ದೀಪ ಆರಿಸಿ, ಮಾತುಕತೆಯಿಲ್ಲದ ಚಾನೆಲ್ಲಿಗೆ ರೇಡಿಯೋ ತಿರುಗಿಸಿ. ಹಿನ್ನೆಲೆಯ ಗದ್ದಲವನ್ನು ಅಡಗಿಸುವ ಸ್ಕ್ವೆಲ್ಚ್ ಗುಂಡಿಯನ್ನು ಇಳಿಸುತ್ತ ಹೋಗಿ. ಗೊರಗೊರ ಸದ್ದು ಬಂದೊಡನೆ, ಅದು ಅಡಗುವಷ್ಟೇ ಮೇಲಕ್ಕೆ ತಿರುಗಿಸಿ ನಿಲ್ಲಿಸಿ. ಈಗ ದೀಪ ಹಚ್ಚಿ. ಗೊರಗೊರ ಮತ್ತೆ ಬಂದರೆ ಬಲ್ಬ್ ತಪ್ಪಿತಸ್ಥ. ಬರದಿದ್ದರೂ ಎಐಎಸ್ ಪರದೆಯಲ್ಲಿ ದೂರದ ಹಡಗುಗಳು ದೀಪ ಹಚ್ಚಿದಾಗ ಮಾಯವಾಗುತ್ತವೆಯೇ ಎಂದು ನೋಡುವುದು ಒಳ್ಳೆಯದು. ಕೂವೆ ಹತ್ತುವ ಮೊದಲೇ ಬಲ್ಬನ್ನು ಕೆಳಗೆ ಕೈ ರೇಡಿಯೋದ ಆಂಟೆನಾ ಪಕ್ಕ ಹಿಡಿದು ಇದೇ ಪರೀಕ್ಷೆ ಮಾಡಬಹುದು. ನನ್ನ ಬೆನ್ನಿಗೆ ಇದರಿಂದ ಬಹಳ ಉಪಕಾರವಾಗಿದೆ.

ವೈರಿನ ವಿಷಯ. ತಂತಿ ಬಲ್ಬಿಗೆ ಪ್ಲಸ್ ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ. ಹಳೆಯ ದೋಣಿಗಳಲ್ಲಿ ವೈರಿನ ಬಣ್ಣವನ್ನು ನಂಬದೆ ಮೀಟರ್ ಹಚ್ಚಿ ನೋಡಿ. ಉಪ್ಪುಗಾಳಿಗೆ ವೈರು ಹಸಿರುಗಟ್ಟಿದರೆ ತಂತಿ ಬಲ್ಬ್ ಮಂಕಾಗಿ ಮೊದಲೇ ದೂರು ಹೇಳುತ್ತಿತ್ತು. ನಿಯಂತ್ರಕವಿರುವ ಎಲ್‌ಇಡಿ ಹತ್ತು ವೋಲ್ಟಿನಲ್ಲೂ ಥಳಥಳ ಹೊಳೆಯುತ್ತದೆ; ವೈರು ಪೂರ್ತಿ ಕೊಳೆತು ಒಂದು ರಾತ್ರಿ ಥಟ್ಟನೆ ಆರುವವರೆಗೆ ಏನೂ ತಿಳಿಯುವುದಿಲ್ಲ. ಹಾಗಾಗಿ ಗೂಡು ಬದಲಿಸುವಾಗಲೇ ತವರ ಲೇಪಿತ ತಾಮ್ರದ ವೈರು ಎಳೆಸಿ, ಜೋಡಣೆಗೆ ಅಂಟು ಸಹಿತ, ಬಿಸಿಗೆ ಕುಗ್ಗುವ ಕೊಳವೆ ಹಾಕಿಸಿ.

ಕರೆಂಟು ಉಳಿಯಿತೆಂಬ ಧಾರಾಳತನ ಇನ್ನೊಂದು ಕೆಟ್ಟ ಚಾಳಿಗೆ ದಾರಿ ಮಾಡಿದೆ: ಇರುವ ದೀಪವನ್ನೆಲ್ಲ ಹಚ್ಚಿಡುವುದು. ತ್ರಿವರ್ಣ ದೀಪ ಹಾಯಿಯಲ್ಲಿ ಹೋಗುವಾಗ ಮಾತ್ರ. ಎಂಜಿನ್ ಬಳಸುತ್ತಿದ್ದರೆ, ಹಾಯಿ ಬಿಚ್ಚಿಕೊಂಡೇ ಇದ್ದರೂ, ನಿಯಮದ ಕಣ್ಣಿಗೆ ಅದು ಯಂತ್ರದೋಣಿ. ಆಗ ಕೂವೆಯ ಮುಂಭಾಗದ ಬಿಳಿ ದೀಪ, ಅದಕ್ಕಿಂತ ಕೆಳಗೆ ಮಗ್ಗುಲ ದೀಪಗಳು, ಹಿಂದೆ ಬಿಳಿ ಬೇಕು, ತ್ರಿವರ್ಣ ಆರಿರಬೇಕು. ತ್ರಿವರ್ಣದ ಜೊತೆಗೆ ಕೆಳಗಿನ ಮಗ್ಗುಲ ದೀಪಗಳನ್ನೂ ಹಚ್ಚಿದ ದೋಣಿ ದೂರದಿಂದ ಎರಡು ದೋಣಿಗಳಂತೆ ಕಾಣುತ್ತದೆ.

ಲಂಗರು ದೀಪದ ಬಗ್ಗೆ ನನ್ನದೊಂದು ಹಟವಿದೆ. ಸುತ್ತಲೂ ಕಾಣುವ ಬಿಳಿ ದೀಪವನ್ನು ಕೂವೆಯ ತುದಿಯಲ್ಲಿಡುವುದು ವಾಡಿಕೆ. ಗೋವಾದ ಮಾಂಡೋವಿ ನದಿಯ ಬಾಯಲ್ಲೋ ಕಾರವಾರದ ಕೊಲ್ಲಿಯಲ್ಲೋ ಲಂಗರು ಹಾಕಿದವರ ಬಳಿ ರಾತ್ರಿ ಹಾಯುವುದು ಮೀನುಗಾರರ ಸಣ್ಣ ದೋಣಿಗಳು. ಅವರ ಕಣ್ಣು ನೀರಿನ ಮಟ್ಟದಲ್ಲಿರುತ್ತದೆ; ಹದಿನೈದು ಮೀಟರ್ ಎತ್ತರದ ಚುಕ್ಕೆ ಅವರಿಗೆ ನಕ್ಷತ್ರವೋ ದಡದ ಬೀದಿದೀಪವೋ ಆಗಿಬಿಡುತ್ತದೆ. ಒಂದು ವ್ಯಾಟಿನ ಎರಡನೆಯ ಎಲ್‌ಇಡಿಯನ್ನು ಡೆಕ್ಕಿನ ಮೇಲೆ ತಲೆಯೆತ್ತರದಲ್ಲಿ ತೂಗುಹಾಕಿ.

ಕ್ಯಾಬಿನ್ನಿನೊಳಗೆ ನಿಮ್ಮಿಷ್ಟ. 2,700 ಕೆಲ್ವಿನ್ನಿನ ಬೆಚ್ಚನೆಯ ಬಿಳಿ ಹಾಕಿ, ನಕ್ಷೆ ಮೇಜಿಗೆ ಮಬ್ಬಾಗಿಸಬಹುದಾದ ಕೆಂಪು ಇರಲಿ. ಪೊಟ್ಟಣದ ಬಲ್ಬುಗಳು ಅಲ್ಲಿ ಖರ್ಚಾಗುತ್ತವೆ, ರೇಡಿಯೋ ಪರೀಕ್ಷೆ ಪಾಸಾದರೆ.

ಮುಚ್ಚಿದ ಎಲ್‌ಇಡಿ ಗೂಡಿಗೆ ಒಂದು ಕೊರತೆ ಇದೆ. ಸಿಡಿಲು ತಾಗಿಯೋ ನೀರು ನುಗ್ಗಿಯೋ ಕೆಟ್ಟರೆ ಸಮುದ್ರದ ಮಧ್ಯೆ ರಿಪೇರಿ ಸಾಧ್ಯವಿಲ್ಲ. ಜೇಬಿನಲ್ಲಿ ಬಿಡಿ ಬಲ್ಬ್ ಇಟ್ಟುಕೊಂಡು ಏರುವ ಕಾಲ ಹೋಯಿತು. ಹೀಗಾಗಿ ಡೆಕ್ಕಿನ ಮಟ್ಟದ ಮಗ್ಗುಲ ಮತ್ತು ಹಿಂಬದಿ ದೀಪಗಳಿಗೆ ಬೇರೆ ವೈರು, ಬೇರೆ ಫ್ಯೂಸ್ ಕೊಟ್ಟಿಡಿ. ಕೂವೆಯ ತುದಿ ಆರಿದ ರಾತ್ರಿ ಹಾಯಿಯಲ್ಲೇ ಮುಂದುವರಿಯಲು ನಿಯಮದ ಪ್ರಕಾರ ಅಷ್ಟು ಸಾಕು. ಕೂವೆ ಏರುವ ಕೆಲಸವನ್ನು ಬಂದರಿಗೆ ಬಂದ ಮೇಲೆ, ಹಗಲಿನಲ್ಲಿ ನೋಡಿಕೊಳ್ಳಬಹುದು.